ಇಷ್ಟೆಲ್ಲಾ ಆದ ಮೇಲೂ?

ತುಮಕೂರಿನಲ್ಲಿ ನನ್ನನ್ನು ಬಲ್ಲವರೆಲ್ಲ ಕೇಳುವ ಪ್ರಶ್ನೆ ಇದು. ತರಕಾರಿ ಕೊಳ್ಳುವಾಗ, ಬ್ಯಾಂಕಿನ ಕ್ಯೂನಲ್ಲಿ, ಛತ್ರದ ಬಾಗಿಲಲ್ಲಿ. "ಮೇಡಂ, ಇಷ್ಟೆಲ್ಲಾ ಆದ ಮೇಲೂ ಆ ಗಾಡಿ ತಗೊಂಡು ಊರೂರು ಸುತ್ತೋಕೆ ಹೊರಟಿದ್ದೀರಂತೆ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಹೌದು, ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ನನ್ನ ತಂಗಿ, ಮೈದುನ. ನಾಲ್ಕು ಜನ, ಮೂರು ತಿಂಗಳು. ಹಳೇ ಟೆಂಪೋ ಟ್ರಾವೆಲರ್ ಕೊಂಡು ಒಳಗೆ ಮಂಚ, ಅಡುಗೆ ಕಟ್ಟೆ, ಬಚ್ಚಲು ಮಾಡಿಸಿದ್ದೇವೆ.

"ಇಷ್ಟೆಲ್ಲಾ" ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. 2021ರಲ್ಲಿ, ಕೊರೊನಾ ಎರಡನೇ ಅಲೆಯಲ್ಲಿ, ತಂಗಿಯ ಗಂಡ ಹೋದರು. 2022ರ ಆಗಸ್ಟ್‌ನಲ್ಲಿ ನಮ್ಮ ಯಜಮಾನರಿಗೆ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು ಸೋತವು. ಮೂವತ್ತು ವರ್ಷ ನಡೆಸಿದ ಬೋರ್‌ವೆಲ್ ಮೋಟಾರು ರಿವೈಂಡಿಂಗ್ ಅಂಗಡಿ ಮುಚ್ಚಿತು. ಆಸ್ಪತ್ರೆ ಖರ್ಚಿಗೆ ಸೈಟು ಮಾರಿದೆವು. ಮರುವರ್ಷ ನಾನು ಹೈಸ್ಕೂಲಿನ ಗಣಿತ ಟೀಚರ್ ಕೆಲಸದಿಂದ ರಿಟೈರ್ ಆದೆ. ಇಷ್ಟು.

ನನಗೆ ಕೋಪ ಬರುವುದು "ಮೇಲೂ" ಅನ್ನುವ ಮಾತಿನ ಕೊನೆಯ ಆ "ಊ"ಗೆ. ಕಷ್ಟ ಬಂದವರು ಮನೆಯಲ್ಲಿ ಕೂತಿರಬೇಕು ಅನ್ನುವ ತೀರ್ಪು ಅದರಲ್ಲಿದೆ, ಅಲ್ವಾ?

ಹೋದ ವೈಶಾಖದಲ್ಲಿ ನಮ್ಮ ನೆಂಟರ ಮನೆಯ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಕೂತಿದ್ದೆವು. ನಮ್ಮವರು ಬಲಗೈಯಲ್ಲಿ ಊಟ ಮಾಡುತ್ತಾರೆ. ಆದರೆ ಎಡಗೈ ಊರಿ ಎಲೆ ಹಿಡಿದುಕೊಳ್ಳಲು ಆಗುವುದಿಲ್ಲ. ಎಲೆ ಜರುಗದ ಹಾಗೆ ಪಕ್ಕದಿಂದ ತಂಗಿ ಅದರ ಅಂಚು ಹಿಡಿದಿದ್ದಳು. ಎದುರು ಸಾಲಿನಲ್ಲಿದ್ದ ನನ್ನ ಚಿಕ್ಕಪ್ಪನ ಮಗಳು ಕೇಳಿದಳು, "ಅಕ್ಕ, ಭಾವನ್ನ ಯಾರ ಹತ್ರ ಬಿಟ್ಟು ಹೋಗ್ತೀಯಾ?"

ಅವರು ಅಲ್ಲೇ ಕೂತಿದ್ದಾರೆ! ಮಾತು ಸ್ವಲ್ಪ ತೊದಲುತ್ತದೆ, ಕಿವಿ ಚೆನ್ನಾಗೇ ಕೇಳುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಅವರು ತುತ್ತು ನುಂಗಿ, ನಿಧಾನಕ್ಕೆ ಹೇಳಿದರು. "ನನ್ನನ್ನಲ್ಲಮ್ಮ. ನಿಮ್ಮನ್ನೆಲ್ಲ ಬಿಟ್ಟು ಹೋಗ್ತಿದ್ದೀವಿ." ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಮಾತ್ರ ಪಾಯಸ ಗಂಟಲಲ್ಲಿ ಇಳಿಯಲಿಲ್ಲ.

ಯಾರಿಗೂ ಹೊಳೆಯದ ವಿಷಯ ಇದು. ಅವರಿಗೆ ಸ್ಟ್ರೋಕ್ ಆಗದಿದ್ದರೆ ಈ ಗಾಡಿಯೇ ಬೇಕಿರಲಿಲ್ಲ. ರೈಲಿನಲ್ಲಿ ಹೋಗುತ್ತಿದ್ದೆವು. ಈಗ ರೈಲಿನ ಮೆಟ್ಟಿಲು ಅವರಿಗೆ ಗೋಡೆ ಇದ್ದ ಹಾಗೆ. ಲಾಡ್ಜಿಗೆ ಫೋನ್ ಮಾಡಿದರೆ "ವೆಸ್ಟರ್ನ್ ಇದೆ ಮೇಡಂ" ಅನ್ನುತ್ತಾರೆ. ಇರುತ್ತದೆ. ಆದರೆ ಬಚ್ಚಲ ಬಾಗಿಲು ಕಿರಿದು, ನೆಲ ಜಾರುತ್ತದೆ, ಹಿಡಿದುಕೊಳ್ಳಲು ಒಂದು ಕೊಳವೆಯೂ ಇರುವುದಿಲ್ಲ. ನಮ್ಮ ಗಾಡಿಯಲ್ಲಿ ಪ್ರತಿ ರಾತ್ರಿ ಅದೇ ಮಂಚ, ಅದೇ ಬಚ್ಚಲು. ಕತ್ತಲಲ್ಲೂ ಅವರ ಬಲಗೈಗೆ ಹಿಡಿ ಎಲ್ಲಿದೆ ಅಂತ ಗೊತ್ತು.

ಆ ಹಿಡಿಯ ಕತೆ ಹೇಳಲೇಬೇಕು. ಫಿಸಿಯೋಥೆರಪಿಯವರು ಕಲಿಸಿದ್ದು ಹೀಗೆ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ವೆಲ್ಡರ್ ಬಾಗಿಲ ಪಕ್ಕ ಒಂದು ಸ್ಟೀಲ್ ಹಿಡಿ ಕೂರಿಸಿದ. ಅವರು ಬಲಗೈಯಲ್ಲಿ ಹಿಡಿದು ಸಲೀಸಾಗಿ ಹತ್ತಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಇಳಿಯಲು ಹೊರಗೆ ತಿರುಗಿ ನಿಂತರು ನೋಡಿ, ಹಿಡಿ ಎಡಗೈ ಕಡೆಗಿದೆ! ಮೇಲೆ ನಿಂತವರು ಅಲ್ಲೇ ನಿಂತರು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಜ್ಯಾಮಿತಿ ಪಾಠ ಮಾಡಿದವಳು ನಾನು, ನನಗೂ ಇದು ಹೊಳೆದಿರಲಿಲ್ಲ. ಈಗ ಎರಡೂ ಪಕ್ಕ ಹಿಡಿ ಇದೆ. ಹತ್ತಲು ಹಿಂದಿನದು, ಇಳಿಯಲು ಮುಂದಿನದು.

ಗಾಡಿಯ ವೈರಿಂಗ್ ಪೂರ್ತಿ ಅವರದೇ. ಕುರ್ಚಿಯಲ್ಲಿ ಕೂತು ಹೇಳಿದರು, ಹುಡುಗ ಮಾಡಿದ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು ಅಂತ ಎರಡು ಸಲ ಬಿಚ್ಚಿಸಿದರು. ಬ್ಯಾಟರಿ 12 ವೋಲ್ಟ್, 200 ಆಂಪಿಯರ್ ಅವರ್. ಲೆಕ್ಕ ಹಾಕಿದರೆ ಎರಡೂವರೆ ಯೂನಿಟ್ಟೂ ಆಗುವುದಿಲ್ಲ. ದೀಪ, ಫ್ಯಾನು, ಸಣ್ಣ ಫ್ರಿಜ್ಜಿಗೆ ಸಾಕು, ರಾತ್ರಿಯಿಡೀ ಎಸಿಗೆ ಸಾಲದು. ಅದಕ್ಕೇ ನವೆಂಬರ್‌ನಿಂದ ಜನವರಿವರೆಗೆ ಹೋಗುತ್ತಿರುವುದು. ಗ್ಯಾಸ್ ಸಿಲಿಂಡರ್ ಇಟ್ಟ ಕಡೆ ನೆಲಮಟ್ಟದಲ್ಲಿ ಕಿಂಡಿ ಬಿಡಿಸಿದ್ದೂ ಅವರೇ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಇನ್ನು ಆರ್‌ಟಿಒ ಕಾಗದ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಗಾಡಿಯನ್ನು ನಮಗೆ ಬೇಕಾದ ಹಾಗೆ ಬದಲಿಸಿ ಸುಮ್ನೆ ರಸ್ತೆಗೆ ಇಳಿಸುವ ಹಾಗಿಲ್ಲ. ಆ ಓಡಾಟ ಮೈದುನನದು. ಲಾರಿ ಓಡಿಸಿ ನಿವೃತ್ತನಾದವನು, ಗಾಡಿ ಓಡಿಸುವವನೂ ಅವನೇ. ಮಗ, ಸೊಸೆ, ಮೊಮ್ಮಗು ಕ್ರಿಸ್‌ಮಸ್ ರಜೆಗೆ ಹೊಸಪೇಟೆಗೆ ಬಂದು ಸೇರಿಕೊಳ್ಳುತ್ತಾರೆ. ಆರ್‌ಸಿಯಲ್ಲಿ ಎಷ್ಟು ಸೀಟು ಬರೆದಿದೆಯೋ ಅಷ್ಟೇ ಜನ.

ಒಂದು ರಾತ್ರಿ ಗುಬ್ಬಿ ಹತ್ತಿರ ತಂಗಿಯ ತೆಂಗಿನ ತೋಟದಲ್ಲಿ ಗಾಡಿ ನಿಲ್ಲಿಸಿ ಮಲಗಿ ನೋಡಿದೆವು. ನೆಲ ಇಳಿಜಾರು, ಸಿಂಕಿನ ನೀರು ಹೋಗಲೇ ಇಲ್ಲ. ರಸಮಟ್ಟ ಇಟ್ಟು ನೋಡಿ, ಹಿಂದಿನ ಚಕ್ರಗಳ ಕೆಳಗೆ ಹಲಗೆ ಕೊಟ್ಟು ಸರಿಮಾಡಿದೆವು. ಆ ರಾತ್ರಿ ತಂಗಿ ದೀಪ ಆರಿಸಿ ಮಲಗಿದಳು. 2021ರಿಂದ ಅವಳು ದೀಪ ಹಾಕಿಕೊಂಡೇ ಮಲಗುತ್ತಿದ್ದಳು. ನಾನು ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

"ಯಾಕೆ" ಅಂತ ಕೇಳುವವರು ಒಬ್ಬರಾದರೂ "ಮೊದಲು ಎಲ್ಲಿ ನಿಲ್ಲಿಸ್ತೀರಿ?" ಅಂತ ಕೇಳಿಲ್ಲ. ಕೇಳಿದ್ದರೆ ಕೂರಿಸಿ ಕಾಫಿ ಕೊಟ್ಟು ಹೇಳುತ್ತಿದ್ದೆ.

ಮೊದಲ ದಿನ ಹೆಚ್ಚು ದೂರವಿಲ್ಲ. ಶಿರಾ ದಾಟಿ, ಹಿರಿಯೂರಿನಿಂದ ಒಳಗೆ, ವಾಣಿವಿಲಾಸ ಸಾಗರ. ನಮ್ಮ ಕಡೆಯವರಿಗೆ ಅದು ಮಾರಿಕಣಿವೆ. ನಮ್ಮವರು ಶಿರಾ ಸೀಮೆಯವರು. ಸಾವಿರ ಅಡಿ ಕೊರೆದರೂ ನೀರು ಸಿಗದ ಜನರ ಸುಟ್ಟ ಮೋಟಾರು ಸುತ್ತಿಕೊಟ್ಟೇ ಅವರ ಆಯಸ್ಸು ಕಳೆಯಿತು. 1933ರಲ್ಲಿ ಕೋಡಿ ಬಿದ್ದಿದ್ದ ಆ ಕಟ್ಟೆ, 89 ವರ್ಷದ ನಂತರ 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ಕೋಡಿ ಬಿತ್ತು. ಜನ ಜಾತ್ರೆಯ ಹಾಗೆ ನೋಡಲು ಹೋದರು. ಇವರು ಆಸ್ಪತ್ರೆ ಮಂಚದ ಮೇಲಿದ್ದರು. ಅಂಗಡಿಯ ಹುಡುಗ ಕಳಿಸಿದ ವಿಡಿಯೋವನ್ನು ನಾನು ಅವರ ಮುಖದ ಮುಂದೆ ಹಿಡಿದಿದ್ದೆ. ಮತ್ತೆ ಮತ್ತೆ ಹಾಕಿಸಿ ನೋಡಿದರು. ಆಗ ಇನ್ನೂ ಮಾತು ಬರುತ್ತಿರಲಿಲ್ಲ. ಬಲಗೈ ಬೆರಳಿಂದ ಪರದೆ ಮೇಲಿನ ನೀರು ಮುಟ್ಟಿ ತೋರಿಸಿದರು.

ಈ ಪ್ರವಾಸದಲ್ಲಿ ಅವರು ಕೇಳಿರುವುದು ಒಂದೇ. ಅಲ್ಲಿ ಗಾಡಿ ನಿಲ್ಲಿಸುವಾಗ ಬಾಗಿಲು ನೀರಿನ ಕಡೆಗಿರಬೇಕು.