ಶಿವರಾತ್ರಿ ಕಳೆದ ಮೇಲೆ ಸ್ವೆಟರಿನ ಪಾಡು

ಶಿವರಾತ್ರಿಗೆ ಚಳಿ ‘ಶಿವ ಶಿವ’ ಅಂತ ಓಡಿಹೋಗುತ್ತದೆ, ಸ್ವೆಟರು ಬೀರು ಸೇರುತ್ತದೆ. ವರ್ಷಕ್ಕೆ ಎರಡು ತಿಂಗಳು ಮೈಮೇಲೆ, ಉಳಿದ ಹತ್ತು ತಿಂಗಳು ಕತ್ತಲಲ್ಲಿ, ಅದರಲ್ಲಿ ಮಳೆಗಾಲವೂ ಬಂತು. ಹಾಗಾಗಿ ನಮ್ಮ ಕಡೆ ಒಳ್ಳೆಯ ಉಣ್ಣೆ ತೊಟ್ಟು ಸವೆಯುವುದು ಅಪರೂಪ. ತಪ್ಪಾಗಿ ಒಗೆದು ಕೆಡುತ್ತದೆ, ಇಲ್ಲವೇ ಕೊಳೆಯೊಂದಿಗೇ ಎತ್ತಿಟ್ಟು ಹುಳುವಿನ ಪಾಲಾಗುತ್ತದೆ.

ಕೊಳ್ಳುವಾಗ ಮೊದಲು ಅದು ಉಣ್ಣೆಯೇ ಎಂದು ನೋಡಿ. ಚಳಿಗಾಲದಲ್ಲಿ ಟಿಬೆಟನ್ನರ ಸಾಲು ಅಂಗಡಿಗಳಿಗೆ ಬರುವ ಸ್ವೆಟರುಗಳು ಹೆಚ್ಚಾಗಿ ಲುಧಿಯಾನದ ಮಾಲು, ಅದರಲ್ಲಿ ಅಕ್ರಿಲಿಕ್ ಎಂಬ ಕೃತಕ ನೂಲೇ ಜಾಸ್ತಿ. ಬೆಲೆಗೆ ತಕ್ಕ ಮಾಲು, ದೂರುವಂಥದ್ದೇನಿಲ್ಲ. ಆದರೆ ಈ ಬರಹದ ಆರೈಕೆ ಅದಕ್ಕೆ ಬೇಕಿಲ್ಲ. ಅನುಮಾನ ಇದ್ದರೆ ಹೆಚ್ಚುವರಿ ಗುಂಡಿಯ ಜೊತೆ ಕೊಟ್ಟಿರುವ ನೂಲಿನ ತುಂಡನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಕಪ್ಪು ಮಣಿಯಾಗುತ್ತದೆ. ಹೊಲಿಗೆಯ ದಾರ ಸುಟ್ಟು ತೀರ್ಮಾನಿಸಬೇಡಿ, ಅದು ಪಾಲಿಯೆಸ್ಟರ್ ಇರಬಹುದು.

ಚುಚ್ಚುವುದಕ್ಕೂ ಉಣ್ಣೆಯ ಅಲರ್ಜಿಗೂ ಸಾಮಾನ್ಯವಾಗಿ ಸಂಬಂಧವಿಲ್ಲ. ಸುಮಾರು 30 ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್) ದಪ್ಪ ಎಳೆಗಳ ತುದಿ ಬಾಗದೆ ಚರ್ಮವನ್ನು ಒತ್ತುತ್ತದೆ. ಅಂಥ ಎಳೆಗಳು ನೂರಕ್ಕೆ ಐದನ್ನು ದಾಟಿದರೆ ಕಡಿತ ಶುರು. ಬರಿ ಮೈಗೆ ತಾಗುವ ಸ್ವೆಟರಿಗೆ 19.5 ಮೈಕ್ರಾನಿನೊಳಗಿನ ಮೆರಿನೊ ಕುರಿಯ ನವಿರು ಉಣ್ಣೆ ಬೇಕು. ಅಂಗಿಯ ಮೇಲೆ ಹಾಕುವುದಾದರೆ 21–22 ಸಾಕು, ಬಾಳಿಕೆಯೂ ಹೆಚ್ಚು. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಒರಟು, ಅದು ಕಂಬಳಿಗೇ ಸರಿ.

ಅಂಗಡಿಯಲ್ಲಿ ಎಲ್ಲಕ್ಕಿಂತ ಮೆತ್ತಗಿರುವುದನ್ನು ಆರಿಸಿದರೆ ಮೋಸ ಹೋಗುವ ಸಾಧ್ಯತೆಯೇ ಹೆಚ್ಚು. ಗಿಡ್ಡ ಎಳೆಗಳನ್ನು ಸಡಿಲವಾಗಿ ನೂತು, ಮೇಲೆ ನವಿರು ಎಬ್ಬಿಸಿದರೆ ಕೈಗೆ ಬೆಣ್ಣೆಯಂತಿರುತ್ತದೆ. ಕಂಕುಳಲ್ಲಿ, ಚೀಲ ಉಜ್ಜುವ ಪಕ್ಕೆಯಲ್ಲಿ ಬೇಗನೆ ಉಂಡೆ ಕಟ್ಟುತ್ತದೆ. ಒಳಭಾಗದಲ್ಲಿ ಹೆಬ್ಬೆರಳಿನಿಂದ ಹತ್ತಿಪ್ಪತ್ತು ಸಲ ಉಜ್ಜಿ. ಆಗಲೇ ನವಿರೆದ್ದರೆ ಬಿಟ್ಟುಬಿಡಿ. ಎರಡೆಳೆ ಹುರಿ ಮಾಡಿದ ನೂಲು ಒಂದೆಳೆಯದಕ್ಕಿಂತ ಗಟ್ಟಿ. ಸೊಂಟದ ಪಟ್ಟಿ ಎಳೆದು ಬಿಟ್ಟರೆ ತಕ್ಷಣ ಹಿಂದಕ್ಕೆ ಬರಬೇಕು. ತೋಳು ಸೇರುವ ಕಡೆ ಹೊಲಿಗೆಗೆ ಸಮಾನಾಂತರವಾಗಿ ಓರೆ ಸಾಲಿನ ಪುಟ್ಟ ಗುರುತುಗಳಿದ್ದರೆ, ತುಂಡುಗಳನ್ನು ಕತ್ತರಿಸದೆ ಆಕಾರಕ್ಕೇ ಹೆಣೆದಿದ್ದಾರೆ ಎಂದರ್ಥ. ಅಂಥದ್ದಕ್ಕೆ ಹೆಚ್ಚು ಕೊಡಬಹುದು.

ಇನ್ನು ಒಗೆತ. ನೀರು ಉಣ್ಣೆಯ ವೈರಿಯಲ್ಲ. ಎಳೆಯ ಮೇಲೆಲ್ಲ ಒಂದೇ ದಿಕ್ಕಿಗೆ ಮುಖಮಾಡಿದ ಸೂಕ್ಷ್ಮ ಪೊರೆಗಳಿರುತ್ತವೆ. ಒದ್ದೆಯಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿ, ಎಳೆಗಳು ಒಳಕ್ಕೆ ಸರಿದು ಬಿಗಿಯುತ್ತವೆ, ಹಿಂದೆ ಸರಿಯುವುದಿಲ್ಲ. ಬಿಸಿ ಮತ್ತು ಸೋಪಿನ ಕ್ಷಾರ ಅದನ್ನು ಹೆಚ್ಚಿಸುತ್ತವೆ. ಹೀಗೆ ಕುಗ್ಗಿದ್ದನ್ನು ತಲೆಗೂದಲಿನ ಕಂಡಿಷನರಿನಲ್ಲಿ ನೆನೆಸಿ ಎಳೆದರೆ ತುಸು ಹಿಗ್ಗೀತು, ಮೊದಲಿನಂತೆ ಆಗದು.

ಒಗೆಯುವ ಮುಂಚೆ ಎದೆಯ ಅಗಲ, ಉದ್ದ, ತೋಳು ಅಳೆದು ಬರೆದಿಡಿ. ಐದು ಲೀಟರ್ ತಣ್ಣೀರು ಅಥವಾ 30 ಡಿಗ್ರಿ ಮೀರದ ಉಗುರುಬೆಚ್ಚಗಿನ ನೀರಿಗೆ ಉಣ್ಣೆಯ ದ್ರವ ಸೋಪು ಸುಮಾರು 10 ಮಿಲಿ. ಮಾಮೂಲಿ ಪುಡಿ ಬೇಡ: ಕ್ಷಾರ ಒಂದು ಕಡೆ, ಕಲೆ ತಿನ್ನಲೆಂದು ಹಾಕಿರುವ ಪ್ರೋಟೀನು ಕರಗಿಸುವ ಕಿಣ್ವ ಇನ್ನೊಂದು ಕಡೆ, ಉಣ್ಣೆಯೂ ಪ್ರೋಟೀನೇ. ಕ್ಲೋರಿನ್ ಬ್ಲೀಚಂತೂ ಉಣ್ಣೆಯನ್ನು ಕರಗಿಸಿಯೇ ಬಿಡುತ್ತದೆ. ಅಂಟುವಾಳ ಚೆನ್ನಾಗಿಯೇ ಆಗುತ್ತದೆ. ಬೀಜ ತೆಗೆದ ಎಂಟು-ಹತ್ತು ಕಾಯಿಗಳನ್ನು ಅರ್ಧ ಲೀಟರಿನಲ್ಲಿ ರಾತ್ರಿ ನೆನೆಹಾಕಿ, ಕಿವುಚಿ, ಬಟ್ಟೆಯಲ್ಲಿ ಸೋಸಿ ಬಳಸಿ. ಬಿಳಿ, ಕೆನೆ ಬಣ್ಣದವಕ್ಕೆ ಬೇಡ, ಕಂದು ಛಾಯೆ ಉಳಿಯುತ್ತದೆ.

ಒಳಮಗ್ಗುಲು ಹೊರಗೆ ಮಾಡಿ ಹತ್ತು ನಿಮಿಷ ಮುಳುಗಿಸಿಡಿ. ಅಂಗೈಯಿಂದ ಮೆಲ್ಲಗೆ ಒತ್ತಿ ಬಿಡಿ, ಉಜ್ಜಬೇಡಿ. ಅದೇ ಬಿಸಿಯ ನೀರಿನಲ್ಲಿ ಎರಡು ಸಲ ಜಾಲಿಸಿ. ಬೋರ್‌ವೆಲ್ಲಿನ ಗಡಸು ನೀರಾದರೆ ಕೊನೆಯ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಹಾಕಿ. ಎತ್ತುವಾಗ ಎರಡೂ ಕೈ ಅಡಿಯಲ್ಲಿರಲಿ, ಹೆಗಲು ಹಿಡಿದು ಎತ್ತಿದರೆ ನೀರಿನ ಭಾರಕ್ಕೆ ಜೋಲುತ್ತದೆ. ಹಿಂಡದೆ, ಟವೆಲಿನಲ್ಲಿ ಚಾಪೆಯಂತೆ ಸುತ್ತಿ ಮೇಲೆ ಮೊಣಕಾಲೂರಿ ಒತ್ತಿ. ಆಮೇಲೆ ಬರೆದಿಟ್ಟ ಅಳತೆಗೆ ತಿದ್ದಿ, ನೆರಳಲ್ಲಿ ಚಪ್ಪಟೆಯಾಗಿ ಹರಡಿ, ಫ್ಯಾನು ಹಾಕಿ. ತಂತಿಗೆ ನೇತುಹಾಕುವುದು ಬೇಡ. ಇಷ್ಟೆಲ್ಲ ಪ್ರತಿ ವಾರದ ಕೆಲಸವಲ್ಲ: ಅಂಗಿಯ ಮೇಲೆ ತೊಟ್ಟದ್ದನ್ನು ಒಂದು ದಿನ ಗಾಳಿಗೆ ಬಿಟ್ಟು ಮತ್ತೆ ತೊಡಬಹುದು. ಆದರೆ ಎತ್ತಿಡುವ ಮುಂಚೆ ಒಗೆಯಲೇಬೇಕು. ಬಟ್ಟೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಬೆವರು, ಎಣ್ಣೆ, ಅನ್ನದ ಕಲೆ ಇರುವ ಜಾಗವನ್ನೇ ಅದು ಹುಡುಕುತ್ತದೆ.

ನುಸಿಗುಳಿಗೆ ಕೆಲಸ ಮಾಡುವುದು ಆವಿ ಹೊರಹೋಗದ ಮುಚ್ಚಿದ ಪೆಟ್ಟಿಗೆಯಲ್ಲಿ ಮಾತ್ರ. ಸಂದಿಯಿರುವ ಬೀರುವಿನಲ್ಲಿ ನಾಲ್ಕು ಉರುಳಿಸಿದರೆ ವಾಸನೆ ಬರುತ್ತದೆ, ಅಷ್ಟೇ. ಹಸುಗೂಸುಗಳ ಬಟ್ಟೆಯ ಹತ್ತಿರ ಅದು ಬರಲೇಬಾರದು, ಕೆಲವು ಮಕ್ಕಳಲ್ಲಿ ರಕ್ತದ ಕೆಂಪು ಕಣಗಳು ಒಡೆಯುತ್ತವೆ. ಬೇವಿನ ಸೊಪ್ಪನ್ನು ನಂಬಿ ಕೂರುವುದೂ ಬೇಡ. ಗಾಳಿಯಾಡದ ಜಿಪ್ ಚೀಲವೇ ಭದ್ರ. ಆದರೆ ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿಯೂ ಒಣಗಿದಂತೆ ತೋರುತ್ತದೆ. ಅದನ್ನು ಹಾಗೇ ಕಟ್ಟಿದರೆ ಮಲೆನಾಡು, ಕರಾವಳಿಯಲ್ಲಿ ಬೂಷ್ಟು ಖಂಡಿತ. ಮಾರ್ಚಿನ ಒಣ ಹವೆಯಲ್ಲೇ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಕಟ್ಟಿ. ಜೂನ್ ಬಂದ ಮೇಲೆ ಚೀಲ ತೆರೆಯಬೇಡಿ.

ತೂತು ಕಂಡಿತೋ, ಬೀರುವಿನ ಇತರ ಉಣ್ಣೆ, ರೇಷ್ಮೆಯನ್ನೂ ಪರೀಕ್ಷಿಸಿ. ಸ್ವೆಟರನ್ನು ಚೀಲದಲ್ಲಿ ಬಿಗಿದು ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಪೂರ್ತಿ ಕೋಣೆಯ ಬಿಸಿಗೆ ಬರುವವರೆಗೂ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಉಣ್ಣೆಯ ಮೇಲೆ ನೀರು ಕೂರುತ್ತದೆ. ಬೀರುವಿನ ಸಂದಿಗಳನ್ನು ಅಷ್ಟರೊಳಗೆ ವ್ಯಾಕ್ಯೂಮ್ ಮಾಡಿ, ಆ ಧೂಳನ್ನು ಅವತ್ತೇ ಮನೆಯಿಂದ ಹೊರಗೆ ಹಾಕಿ.