ಐರ್ಲೆಂಡ್‌ಗೆ ಹೋಗೋರಿಗೆ: ಡಬ್ಲಿನ್ ನೋಡಿ, ಆದ್ರೆ ಒಂದು ರಾತ್ರಿ ಆರನ್ ದ್ವೀಪಕ್ಕೆ ಇಟ್ಕೊಳ್ಳಿ

ಮೊದ್ಲು ವೀಸಾ ವಿಷ್ಯ ಹೇಳಿ ಮುಗಿಸ್ತೀನಿ, ನಮ್ಮ ಕಡೆಯವರು ಜಾಸ್ತಿ ಎಡವೋದು ಅಲ್ಲೇ. ಐರ್ಲೆಂಡ್ ಯುರೋಪಿಯನ್ ಯೂನಿಯನ್‌ನಲ್ಲಿದೆ, ಯೂರೋನೇ ನಡೆಯುತ್ತೆ, ಆದ್ರೆ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪು) ಒಳಗೆ ಬರಲ್ಲ. ಪ್ಯಾರಿಸ್ ನೋಡ್ಕೊಂಡು ಹಾಗೇ ಡಬ್ಲಿನ್‌ಗೂ ಹೋಗಿಬರೋಣ ಅಂದ್ರೆ ಆಗಲ್ಲ, ಬೇರೆ ವೀಸಾ ಬೇಕು. ಆನ್‌ಲೈನ್‌ನಲ್ಲಿ ಫಾರ್ಮ್ ತುಂಬಿ, ಪ್ರಿಂಟ್ ತೆಗೆದು ಸೈನ್ ಹಾಕಿ, ದಾಖಲೆಗಳ ಜೊತೆ ವೀಸಾ ಅರ್ಜಿ ತಗೊಳ್ಳೋ ವಿಎಫ್‌ಎಸ್ ಸೆಂಟರ್‌ನಲ್ಲಿ ಕೊಡೋದು. ಲಂಡನ್ ಪ್ಲಾನೂ ಇದ್ರೆ ಕೆಲವು ಥರದ ಯುಕೆ ವಿಸಿಟ್ ವೀಸಾದಲ್ಲೇ ಐರ್ಲೆಂಡ್‌ಗೂ ಹೋಗಬಹುದು, ಮೊದ್ಲು ಯುಕೆಯಲ್ಲಿ ಇಳಿದಿರಬೇಕು ಅಷ್ಟೇ, ಆದ್ರೆ ಈ ರೂಲ್ಸ್ ಆಗಾಗ ಬದಲಾಗುತ್ತೆ, ಹಾಗಾಗಿ ಟಿಕೆಟ್ ಮಾಡಿಸೋ ಮುಂಚೆ ಐರಿಷ್ ಇಮಿಗ್ರೇಷನ್ ವೆಬ್‌ಸೈಟ್‌ನಲ್ಲಿ ನೀವೇ ಕೂತು ಓದಿ, ಏಜೆಂಟ್ ಬಾಯಿಮಾತು ಸಾಕಾಗಲ್ಲ. ಬೆಲ್‌ಫಾಸ್ಟ್, ಜೈಂಟ್ಸ್ ಕಾಸ್‌ವೇ ಎಲ್ಲ ಇರೋದು ಉತ್ತರ ಐರ್ಲೆಂಡ್‌ನಲ್ಲಿ, ಅಂದ್ರೆ ಯುಕೆ. ಗಡಿಯಲ್ಲಿ ಚೆಕ್‌ಪೋಸ್ಟ್ ಇಲ್ಲ, ಬಸ್ಸು ಸುಮ್ನೆ ದಾಟಿಬಿಡುತ್ತೆ, ಬೋರ್ಡಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬಂದಾಗಲೇ ಗೊತ್ತಾಗೋದು. ಆದ್ರೂ ನಮ್ಮ ಪಾಸ್‌ಪೋರ್ಟ್‌ನವರಿಗೆ ಆ ಕಡೆಗೆ ಯುಕೆ ವೀಸಾ, ಇಲ್ಲಾಂದ್ರೆ ಯುಕೆಗೂ ನಡೆಯೋ ಥರ ‘ಬಿಐವಿಎಸ್’ ಅಂತ ಗುರುತು ಹಾಕಿರೋ ಐರಿಷ್ ವೀಸಾ ಬೇಕೇ ಬೇಕು, ಯಾರೂ ಕೇಳಲ್ಲ ಅಂತ ಧೈರ್ಯ ಮಾಡಬೇಡಿ.

ಯುರೋಪಲ್ಲಿ ಅಷ್ಟೊಂದು ದೇಶ ಇರುವಾಗ ಐರ್ಲೆಂಡೇ ಯಾಕೆ ಅಂತ ನಮ್ಮನ್ನ ಕೇಳದೇ ಇರೋರಿಲ್ಲ. ನಮ್ಮನೆಯವರು ಕುವೆಂಪು ಭಕ್ತರು, ಅದೇ ಕಾರಣ. 1924ರಲ್ಲಿ ಮೈಸೂರಲ್ಲಿ ಓದ್ತಿದ್ದ ಕುವೆಂಪು ತಮ್ಮ ಇಂಗ್ಲಿಷ್ ಪದ್ಯಗಳನ್ನ ಒಬ್ಬ ಕವಿಗೆ ತೋರಿಸಿದ್ರು, ಆತ ಓದಿ ನೋಡಿ, ನಿನ್ನ ಭಾಷೇಲಿ ಬರಿ ಅಂತ ಬುದ್ಧಿ ಹೇಳಿ ಕಳಿಸಿದ, ಇದು ನಮಗೆಲ್ಲ ಗೊತ್ತಿರೋ ಕಥೆ. ಆ ಕವಿ, ಜೇಮ್ಸ್ ಕಸಿನ್ಸ್, ಬೆಲ್‌ಫಾಸ್ಟ್‌ನವನು. ಅವನ ಹೆಂಡತಿ ಮಾರ್ಗರೆಟ್ ಕಸಿನ್ಸ್ ರಾಸ್‌ಕಾಮನ್ ಕೌಂಟಿಯವಳು, 1919ರಲ್ಲಿ ಮದನಪಲ್ಲಿಯಲ್ಲಿ ಟ್ಯಾಗೋರರ ಜೊತೆ ಕೂತು ಜನಗಣಮನಕ್ಕೆ ಸ್ವರ ಬರ್ಕೊಂಡವಳು ಆಕೆ. ಇನ್ನೊಬ್ಬರಿಗೆ ನಿನ್ನ ಭಾಷೇಲಿ ಬರಿ ಅಂದವನ ನಾಡಲ್ಲಿ ಅವರ ಸ್ವಂತ ಭಾಷೆ ಐರಿಷ್ ಏನಾಗಿದೆ ನೋಡ್ಬೇಕು ಅಂತ ಇವರಿಗೆ ಆಸೆ. ನನಗೆ ಸಮುದ್ರ ನೋಡೋ ಆಸೆ. ಎರಡೂ ಒಂದೇ ಕಡೆ ಸಿಕ್ತು, ಅದನ್ನ ಮುಂದೆ ಹೇಳ್ತೀನಿ.

ಬೆಂಗಳೂರಿಂದ ನೇರ ವಿಮಾನ ಇಲ್ಲ, ದುಬೈ ಅಬುಧಾಬಿ ದೋಹಾ ಇವುಗಳಲ್ಲಿ ಒಂದ್ಕಡೆ ಇಳಿದು ಹತ್ತಬೇಕು. ಡಬ್ಲಿನ್ ಏರ್‌ಪೋರ್ಟ್‌ಗೆ ಇನ್ನೂ ರೈಲಾಗಲಿ ಮೆಟ್ರೋ ಆಗಲಿ ಇಲ್ಲ, ಬಸ್ಸೇ ಗತಿ. ಇಳಿದ ತಕ್ಷಣ ಲೀಪ್ ಕಾರ್ಡ್ ತಗೊಳ್ಳಿ. ಊರೊಳಗಿನ ಬಸ್, ಲುವಾಸ್ ಟ್ರಾಮ್, ಡಾರ್ಟ್ ರೈಲು ಎಲ್ಲಕ್ಕೂ ನಡೆಯುತ್ತೆ, 2 ಯೂರೋಗೆ 90 ನಿಮಿಷ ಎಷ್ಟು ಬಸ್ ಬದಲಾಯಿಸಿದ್ರೂ ಅದೇ ದುಡ್ಡು. ಬಸ್ಸಲ್ಲಿ ಕ್ಯಾಶ್ ಕೊಡೋಕೆ ಹೋದ್ರೆ ನಾಣ್ಯನೇ ಆಗ್ಬೇಕು, ನೋಟು ತಗೊಳ್ಳಲ್ಲ, ಚಿಲ್ಲರೆ ವಾಪಸ್ ಬರಲ್ಲ. ಬಸ್ಸಿನ ಮೇಲೆ ‘ಆನ್ ಲಾರ್’ ಅಂತಿದ್ರೆ ಸಿಟಿ ಸೆಂಟರ್‌ಗೆ ಹೋಗುತ್ತೆ ಅಂತ. ಪ್ಲಗ್ ಯುಕೆ ಥರ ಚೌಕ ಪಿನ್ನಿಂದು, ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ.

ಡಬ್ಲಿನ್‌ನಲ್ಲಿ ಒಂದೇ ಒಂದು ಟಿಕೆಟ್ ಮುಂಚೆ ಮಾಡಿಸ್ತೀನಿ ಅಂದ್ರೆ ಕಿಲ್‌ಮೇನಮ್ ಜೈಲಿಂದು ಮಾಡಿಸಿ. ಗೈಡ್ ಜೊತೆಗೇ ಒಳಗೆ ಬಿಡೋದು, ಟಿಕೆಟ್ ನಾಲ್ಕು ವಾರ ಮುಂಚೆ ಬಿಡ್ತಾರೆ, ಬೇಗ ಖಾಲಿ ಆಗುತ್ತೆ. 1916ರ ಏಪ್ರಿಲ್ 24ಕ್ಕೆ ದಂಗೆಯ ನಾಯಕ ಪ್ಯಾಡ್ರಿಕ್ ಪಿಯರ್ಸ್ ಡಬ್ಲಿನ್‌ನ ಹೆಡ್ ಪೋಸ್ಟ್ ಆಫೀಸ್ ಮುಂದೆ ನಿಂತು ಸ್ವತಂತ್ರ ಗಣರಾಜ್ಯ ಅಂತ ಘೋಷಣೆ ಓದಿದ, ಒಂದು ವಾರದೊಳಗೆ ಬ್ರಿಟಿಷರು ದಂಗೆ ಅಡಗಿಸಿದ್ರು, ಆಮೇಲೆ ಮೇ ತಿಂಗಳಲ್ಲಿ 14 ಜನರನ್ನ ಈ ಜೈಲಿನ ಕಲ್ಲೊಡೆಯೋ ಅಂಗಳದಲ್ಲಿ ನಿಲ್ಲಿಸಿ ಗುಂಡು ಹೊಡೆದ್ರು. ಅಂಗಳದಲ್ಲಿ ನೋಡೋಕೆ ಅಂತ ಏನೂ ಇಲ್ಲ, ಎತ್ತರದ ಗೋಡೆ, ಕಾಲಡಿ ಜಲ್ಲಿ, ಒಂದು ಬಾವುಟ. ಒಂದು ತುದೀಲಿ ಒಂದು ಶಿಲುಬೆ, ಇನ್ನೊಂದು ತುದೀಲಿ ಗೇಟಿನ ಹತ್ತಿರ ಮತ್ತೊಂದು. ಎರಡನೇದು ಯಾಕೆ ಅಂತ ಕೇಳಿದ್ರೆ, ದಂಗೆಯ ಇನ್ನೊಬ್ಬ ನಾಯಕ ಜೇಮ್ಸ್ ಕನೊಲಿಗೆ ಗಾಯ ಆಗಿ ನಿಲ್ಲೋಕೇ ಆಗ್ತಿರಲಿಲ್ವಂತೆ, ಆ ಗೇಟಿಂದ ಒಳಗೆ ತಂದು ಅಲ್ಲೇ ಕುರ್ಚಿಗೆ ಕಟ್ಟಿ ಹೊಡೆದಿದ್ದಾರೆ. ಅಲ್ಲೀವರೆಗೂ ದಂಗೆಕೋರರನ್ನ ಬೈತಿದ್ದ ಡಬ್ಲಿನ್ ಜನ ಈ ಸಾವುಗಳಾದ ಮೇಲೆ ಬ್ರಿಟಿಷರ ಮೇಲೆ ತಿರುಗಿಬಿದ್ರು. ಆ ಹದಿನಾಲ್ಕು ಜನರಲ್ಲಿ ಪ್ಲಂಕೆಟ್ ಅನ್ನೋನು ಸಾಯೋಕೆ ಕೆಲವು ಗಂಟೆ ಮುಂಚೆ ಜೈಲಿನ ಚಾಪೆಲ್‌ನಲ್ಲೇ ಮದುವೆ ಆಗಿದ್ದ, ಆ ಕೋಣೆನೂ ತೋರಿಸ್ತಾರೆ. ನಮ್ಮ ವಿ.ವಿ. ಗಿರಿಯವರು ಆಗ ಡಬ್ಲಿನ್‌ನಲ್ಲೇ ಲಾ ಓದ್ತಿದ್ರು, ಈ ಹೋರಾಟದವರ ಜೊತೆ ನಂಟಿದೆ ಅನ್ನೋ ಅನುಮಾನಕ್ಕೆ 1916ರಲ್ಲೇ ಊರು ಬಿಡಬೇಕಾಯ್ತು.

ಆ ಪೋಸ್ಟ್ ಆಫೀಸ್ ಈಗಲೂ ಪೋಸ್ಟ್ ಆಫೀಸೇ, ಒಳಗೆ ಹೋಗಿ ಸ್ಟಾಂಪ್ ತಗೊಂಡು ಬನ್ನಿ. ಹಿಂದುಗಡೆ ಮೂರ್ ಸ್ಟ್ರೀಟ್ ಇದೆ. ದಂಗೆಯವರು ಕೊನೆಗೆ ಶರಣಾಗೋ ನಿರ್ಧಾರ ಮಾಡಿದ್ದು ಈ ಬೀದಿಯ ಮನೆಗಳಲ್ಲಿ, ಈಗ ಅದೇ ಬೀದೀಲಿ ವಯಸ್ಸಾದ ಹೆಂಗಸರು ಗಾಡಿ ಇಟ್ಕೊಂಡು ಸ್ಟ್ರಾಬೆರಿ ಬಾಳೆಹಣ್ಣು ಅಂತ ಕೂಗ್ತಿರ್ತಾರೆ, ಅವರ ಬೆನ್ನ ಹಿಂದೆ ಏಷ್ಯನ್ ಅಂಗಡಿಗಳು, ಕರಿಬೇವು ಹಸಿಮೆಣಸಿನಕಾಯಿ ಗೋಧಿಹಿಟ್ಟು ಎಲ್ಲ ಸಿಗುತ್ತೆ. ಅಡುಗೆ ಮಾಡ್ಕೊಳ್ಳೋ ರೂಮ್ ಸಿಕ್ಕಿದ್ರೆ ಇಲ್ಲೇ ಸಾಮಾನು ತಗೊಳ್ಳಿ, ಹೋಟೆಲ್ ಊಟ ಜೇಬಿಗೆ ಕತ್ತರಿ. ಟ್ರಿನಿಟಿ ಕಾಲೇಜಲ್ಲಿ ಸುಮಾರು ಕ್ರಿ.ಶ. 800ರ ಬುಕ್ ಆಫ್ ಕೆಲ್ಸ್ ಅನ್ನೋ ಕೈಬರಹದ, ಚಿತ್ರಗಳಿರೋ ಬೈಬಲ್ ಪುಸ್ತಕ ಇದೆ. ಚೆನ್ನಾಗಿದೆ, ಆದ್ರೆ ಫೋಟೋದಲ್ಲಿ ನೋಡೋ ಆ ಹಳೇ ಲೈಬ್ರರಿ ಹಾಲ್‌ನಿಂದ ರಿಪೇರಿಗೆ ಅಂತ ಪುಸ್ತಕಗಳನ್ನ ತೆಗೆದಿಟ್ಟಿದ್ದಾರೆ, ಕಪಾಟು ಖಾಲಿ. ಆ ದುಡ್ಡು ಕೊಡೋದು ಬೇಡ ಅನ್ನಿಸಿದ್ರೆ ನ್ಯಾಷನಲ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಚೆಸ್ಟರ್ ಬೀಟಿ ಮ್ಯೂಸಿಯಂ ಮೂರೂ ಫ್ರೀ.

ಲಿಫಿ ನದಿ ದಂಡೆಯಲ್ಲಿ ಬರಗಾಲದ ಸ್ಮಾರಕ ಇದೆ, ಬಿಡಬೇಡಿ. ಮೂಳೆ ಚಕ್ಕಳ ಆಗಿರೋ ಕಂಚಿನ ಜನ, ಕೈಯಲ್ಲಿ ಗಂಟು, ಹಡಗಿನ ಕಡೆ ನಡೀತಿದ್ದಾರೆ, ಹಿಂದೆ ಒಂದು ಬಡಕಲು ನಾಯಿ. 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಕೆಲವೇ ವರ್ಷದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ರು, ಇನ್ನೊಂದು ಹತ್ತು ಲಕ್ಷ ದೇಶ ಬಿಟ್ರು, ಅದೇ ಹೊತ್ತಲ್ಲಿ ಅಲ್ಲಿಂದ ಧಾನ್ಯ ಹಡಗಲ್ಲಿ ಹೊರಗೆ ಹೋಗ್ತಾನೇ ಇತ್ತು. 1841ರಲ್ಲಿ ದ್ವೀಪದ ಜನಸಂಖ್ಯೆ 80 ಲಕ್ಷ ದಾಟಿತ್ತು, ಇವತ್ತಿಗೂ ಅಷ್ಟು ಮುಟ್ಟಿಲ್ಲ. ಜಾಸ್ತಿ ಹೊಡೆತ ಬಿದ್ದಿದ್ದು ಪಶ್ಚಿಮದ ಬಡವರಿಗೆ, ಅವರೇ ಐರಿಷ್ ಮಾತಾಡ್ತಿದ್ದೋರು. ಭಾಷೆ ಎಲ್ಲಿ ಹೋಯ್ತು ಅಂದ್ರೆ ಅರ್ಧ ಉತ್ತರ ಇಲ್ಲೇ ಇದೆ.

ಉಳಿದರ್ಧ ಟ್ಯಾಕ್ಸಿ ಡ್ರೈವರ್ ಹೇಳಿದ. ಸ್ಕೂಲಲ್ಲಿ ಕಡ್ಡಾಯ, ವರ್ಷಗಟ್ಟಲೆ ಕಲಿತೆ, ಈಗ ಟಾಯ್ಲೆಟ್‌ಗೆ ಹೋಗ್ಲಾ ಮಿಸ್ ಅಂತ ಕೇಳೋ ಒಂದು ವಾಕ್ಯ ಮಾತ್ರ ನೆನಪಿದೆ ಅಂತ ನಕ್ಕ. 2022ರ ಸೆನ್ಸಸ್‌ನಲ್ಲಿ ಹದಿನೆಂಟು ಲಕ್ಷಕ್ಕಿಂತ ಜಾಸ್ತಿ ಜನ ಐರಿಷ್ ಬರುತ್ತೆ ಅಂತ ಬರೆಸಿದ್ದಾರೆ, ಸ್ಕೂಲಿನ ಹೊರಗೆ ದಿನಾ ಮಾತಾಡೋರು ಸುಮಾರು 72 ಸಾವಿರ. ಹಾಗಂತ ಸತ್ತೇ ಹೋಯ್ತು ಅನ್ನೋಕಾಗಲ್ಲ, 2025ರ ಅಕ್ಟೋಬರ್‌ನಲ್ಲಿ ಗೆದ್ದ ರಾಷ್ಟ್ರಪತಿ ಕ್ಯಾಥರೀನ್ ಕನೊಲಿ ಐರಿಷ್‌ನಲ್ಲಿ ಸರಾಗವಾಗಿ ಮಾತಾಡ್ತಾರೆ.

ಎಲ್ಲರೂ ಕೇಳೋ ಇನ್ನೊಂದು ಪ್ರಶ್ನೆ, ಸೇಫಾ ಅಂತ. 2025ರ ಬೇಸಿಗೇಲಿ ಡಬ್ಲಿನ್ ಸುತ್ತಮುತ್ತ ಭಾರತೀಯರ ಮೇಲೆ ಹಲ್ಲೆ ಆಗಿದ್ದು ನಿಜ, ನಮ್ಮ ಎಂಬಸಿ ಆಗಸ್ಟ್ 1ಕ್ಕೆ ಎಚ್ಚರಿಕೆ ಕೊಟ್ಟಿತ್ತು, ಆಗಿನ ರಾಷ್ಟ್ರಪತಿ ಹಿಗ್ಗಿನ್ಸ್ ಅದನ್ನ ಖಂಡಿಸಿದ್ರು. ನಮಗೆ ಕೆಟ್ಟ ಅನುಭವ ಏನೂ ಆಗಲಿಲ್ಲ, ಬದಲಿಗೆ ಬಸ್‌ಸ್ಟಾಪಲ್ಲಿ ನಿಂತ್ರೆ ಯಾರಾದ್ರೂ ಮಳೆ ಬಗ್ಗೆ ಮಾತು ತೆಗೆದೇ ತೆಗೀತಾರೆ. ಆದ್ರೂ ರಾತ್ರಿ ಜನ ಇಲ್ಲದ ಕಡೆ ಓಡಾಡಬೇಡಿ, ಹುಡುಗರ ಗುಂಪು ಕಂಡ್ರೆ ರಸ್ತೆ ದಾಟಿಬಿಡಿ, ತುರ್ತು ನಂಬರ್ 999 ಅಥವಾ 112 ನೆನಪಿರಲಿ.

ಈಗ ಆರನ್. ಡಬ್ಲಿನ್‌ನ ಹ್ಯೂಸ್ಟನ್ ಸ್ಟೇಷನ್ನಿಂದ ಗಾಲ್‌ವೇಗೆ ರೈಲಲ್ಲಿ ಎರಡೂವರೆ ಗಂಟೆ, ಅಲ್ಲಿಂದ ಬಸ್ಸಲ್ಲಿ ರಾಸವೀಲ್ ಬಂದರು, ಅಲ್ಲಿಂದ ಆರನ್ ದ್ವೀಪಗಳಲ್ಲಿ ದೊಡ್ಡದಾದ ಇನಿಶ್‌ಮೋರ್‌ಗೆ ಫೆರಿ ಸುಮಾರು 40 ನಿಮಿಷ. ಅಲೆ ಜೋರಿದ್ರೆ ಹೊಟ್ಟೆ ತೊಳೆಸುತ್ತೆ, ಮಾತ್ರೆ ಮುಂಚೆನೇ ನುಂಗಿ. ಜಾಸ್ತಿ ಜನ ಬೆಳಗ್ಗೆ ಬಂದು ಸಂಜೆ ಫೆರಿಗೆ ಓಡ್ತಾರೆ, ಅವರೆಲ್ಲ ಹೋದ ಮೇಲೇ ದ್ವೀಪ ನೋಡೋಕೆ ಚೆಂದ. ಸೈಕಲ್ ಬಾಡಿಗೆಗೆ ಸಿಗುತ್ತೆ, ಮಂಡಿ ನೋವಿದ್ರೆ ಮಿನಿಬಸ್. ಎಲ್ಲಿ ನೋಡಿದ್ರೂ ಗಾರೆ ಇಲ್ಲದೆ ಕಲ್ಲು ಪೇರಿಸಿದ ಗೋಡೆ, ಬರೀ ಬಂಡೆ ಮೇಲೆ ಮರಳು ಮತ್ತು ಸಮುದ್ರದ ಪಾಚಿ ಹೊತ್ತು ತಂದು ಹಾಕಿ ಮಣ್ಣನ್ನೇ ಮಾಡ್ಕೊಂಡಿದ್ದಾರೆ ಇಲ್ಲಿನ ಜನ! ದೂನ್ ಎಂಗಸ್ ಕೋಟೆಯ ಒಂದು ಪಕ್ಕ ನೇರ ಪ್ರಪಾತ, ನೂರು ಮೀಟರ್ ಹತ್ತಿರ, ಕಂಬಿ ಇಲ್ಲ. ಹೊಟ್ಟೆ ಮೇಲೆ ಮಲ್ಕೊಂಡು ತಲೆ ಮಾತ್ರ ಮುಂದೆ ಚಾಚಿ ನೋಡಿ, ಮಕ್ಕಳ ಕೈ ಬಿಡಬೇಡಿ. ಕ್ಲಿಫ್ಸ್ ಆಫ್ ಮೊಹರ್ ಅನ್ನೋ ಹೆಸರಾಂತ ಕಡಲ ಪ್ರಪಾತ 214 ಮೀಟರ್ ಎತ್ತರ, ಅದು ದೊಡ್ಡದೇ, ಆದ್ರೆ ಅಲ್ಲಿ ಟೂರ್ ಬಸ್ ಜಾತ್ರೆ, ಎರಡರಲ್ಲಿ ಒಂದು ಅಂದ್ರೆ ನಾನು ಆರನ್ ಅಂತಲೇ ಹೇಳೋದು.

ನಾವು ಉಳಿದ ಮನೆಯಾಕೆ ಮಕ್ಕಳ ಜೊತೆ ಐರಿಷ್, ನಮ್ಮ ಜೊತೆ ಇಂಗ್ಲಿಷ್. ತಿಂಡಿ ಹೊತ್ತಲ್ಲಿ ನಾವಿಬ್ರು ಕನ್ನಡದಲ್ಲಿ ಮಾತಾಡ್ಕೊಳ್ತಿದ್ದಾಗ ಅದ್ಯಾವ ಭಾಷೆ, ಎಷ್ಟು ಜನ ಮಾತಾಡ್ತೀರಿ ಅಂದ್ಲು. ನಾಲ್ಕು ಕೋಟಿ ಮೇಲೆ ಅಂದ್ರು ಇವರು. ಕೆಟಲ್ ಹಿಡ್ಕೊಂಡು ನಿಂತೇಬಿಟ್ಲು, ಆಮೇಲೆ, ಹಾಗಾದ್ರೆ ನಿಮ್ಮ ಮಕ್ಕಳಿಗೆ ಸ್ಕೂಲಲ್ಲಿ ಎಲ್ಲ ಅದರಲ್ಲೇ ಹೇಳಿಕೊಡ್ತಾರಾ ಅಂತ ಕೇಳಿದ್ಲು. ನಮ್ಮ ಮಗ ಓದಿದ್ದು ಇಂಗ್ಲಿಷ್ ಮೀಡಿಯಂ. ಇವರು ಟೀ ಚೆನ್ನಾಗಿದೆ ಅಂದ್ರು.

ಟೀ ನಿಜಕ್ಕೂ ಚೆನ್ನಾಗಿರುತ್ತೆ, ಸ್ಟ್ರಾಂಗು, ಹಾಲು ಹಾಕಿದ್ದು. ಸಸ್ಯಾಹಾರಿಗಳು ತರಕಾರಿ ಸೂಪ್, ಬ್ರೌನ್ ಸೋಡಾ ಬ್ರೆಡ್, ಆಲೂಗಡ್ಡೆ ಮೇಲೆ ದಿನ ತಳ್ಳಬಹುದು, ಸೂಪಿಗೆ ಚಿಕನ್ ಸ್ಟಾಕ್ ಹಾಕಿದ್ದಾರಾ ಅಂತ ಕೇಳಿ. ಪಬ್‌ಗಳಲ್ಲಿ ಅಡುಗೆ ಮನೆ ಎಷ್ಟೋ ಕಡೆ ಒಂಬತ್ತಕ್ಕೇ ಬಂದ್, ದ್ವೀಪದಲ್ಲಿ ಇನ್ನೂ ಬೇಗ, ಹಾಗಾಗಿ ಅವಲಕ್ಕಿ ಚಟ್ನಿಪುಡಿ ಬ್ಯಾಗಲ್ಲಿರಲಿ. ಮೇ, ಜೂನ್, ಸೆಪ್ಟೆಂಬರ್ ಒಳ್ಳೇ ಕಾಲ, ಜೂನ್‌ನಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತೆ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಕತ್ತಲು. ಛತ್ರಿ ಮನೇಲೇ ಬಿಡಿ, ಆ ಗಾಳಿಗೆ ಉಲ್ಟಾ ಆಗುತ್ತೆ, ಟೋಪಿ ಇರೋ ರೈನ್‌ಕೋಟ್ ತಗೊಳ್ಳಿ. ಮತ್ತೆ ವಾಪಸ್ ಫ್ಲೈಟ್ ಇರೋ ದಿನವೇ ದ್ವೀಪದಿಂದ ಹೊರಡೋ ಥರ ಪ್ಲಾನ್ ಮಾಡಬೇಡಿ, ಹವಾಮಾನ ಕೆಟ್ರೆ ಫೆರಿ ಕ್ಯಾನ್ಸಲ್ ಆಗುತ್ತೆ, ಮಧ್ಯ ಒಂದು ರಾತ್ರಿ ಗಾಲ್‌ವೇನಲ್ಲೋ ಡಬ್ಲಿನ್‌ನಲ್ಲೋ ಇರಲಿ.