ಊರಂಚಿನ ಎರಡು ಎಕರೆ: ನೀರಿನ ಮಟ್ಟ ಮೊದಲು, ಕಟ್ಟಡ ಆಮೇಲೆ

ಬಯಲುಸೀಮೆಯ ಸಣ್ಣ ಪಟ್ಟಣ. ಊರು ಮುಗಿದು ಹೊಲ ಶುರುವಾಗುವ ಕಡೆ 130 ಮೀಟರ್ ಉದ್ದ, 62 ಮೀಟರ್ ಅಗಲದ ಸರ್ಕಾರಿ ಜಾಗ. ಒಂದು ತುದಿಗೆ ರಸ್ತೆ, ಇನ್ನೊಂದು ತುದಿಗೆ ಹಳ್ಳ. ಇದರಲ್ಲಿ ವಾರದ ಸಂತೆ, ಸಮುದಾಯ ಭವನ, ಸಾರ್ವಜನಿಕ ಶೌಚಾಲಯ, ಗೊಬ್ಬರದ ಅಂಗಳ ಎಲ್ಲವೂ ಆಗಬೇಕು. ಊರಿನ ಒಳಚರಂಡಿ ಇಲ್ಲಿಯವರೆಗೆ ಬಂದಿಲ್ಲ, ಹತ್ತಿರದಲ್ಲಿ ಬರುವ ಲಕ್ಷಣವೂ ಇಲ್ಲ. ಆದ್ದರಿಂದ ಕೊಳಚೆ ನೀರು ಇಲ್ಲೇ ಶುದ್ಧವಾಗಬೇಕು, ಅದೂ ಪಂಪಿಲ್ಲದೆ. ಸಾರ್ವಜನಿಕ ಶೌಚಾಲಯದ ಪಂಪು ಒಮ್ಮೆ ಸುಟ್ಟರೆ ರಿಪೇರಿಗೆ ಹಣ ಮಂಜೂರಾಗುವಷ್ಟರಲ್ಲಿ ಕೊಳಚೆ ಹಳ್ಳ ಸೇರಿರುತ್ತದೆ.

ಜಾಗದ ಕಾಗದ

ಕಾಯ್ದಿರಿಸುವ ಆದೇಶ ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 71ನೇ ಕಲಮಿನ ಅಡಿಯಲ್ಲಿ. ಆದೇಶದಲ್ಲಿ ‘ಸಮುದಾಯ ಭವನ’ ಎಂದಷ್ಟೇ ಬರೆಸಿದರೆ ಮುಂದೆ ಸಂತೆಕಟ್ಟೆಗೆ ತಕರಾರು ಬರುತ್ತದೆ. ಕಾಯ್ದಿರಿಸಿದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಲು ಜಿಲ್ಲಾಧಿಕಾರಿಗಳ ಮಂಜೂರಾತಿ ಬೇಕು. ಆದ್ದರಿಂದ ಎಲ್ಲ ಉದ್ದೇಶಗಳನ್ನೂ ಮೊದಲ ಅರ್ಜಿಯಲ್ಲೇ ಸೇರಿಸಲಾಗಿದೆ. ಹದ್ದುಬಸ್ತು ಆಗಿದೆ. ಹಳ್ಳದ ‘ಬಿ’ ಖರಾಬನ್ನು (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗೆ ಬಾರದ ನೆಲ) ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ತೋರಿಸಿ ಲೆಕ್ಕದಿಂದ ಹೊರಗಿಟ್ಟಿದ್ದೇವೆ.

ಮಟ್ಟದ ಸರ್ವೆ: ಇಲ್ಲೇ ಎಲ್ಲ ತೀರ್ಮಾನವಾಯಿತು

ರಸ್ತೆ ಅಂಚನ್ನು 100.00 ಎಂದು ಹಿಡಿದರೆ ಹಳ್ಳದ ಕಡೆಯ ನೆಲ 97.40. ಅಂದರೆ 130 ಮೀಟರಿಗೆ 2.60 ಮೀಟರ್ ಇಳಿಜಾರು, ಒಂದಕ್ಕೆ ಐವತ್ತು. ಹಳ್ಳದ ದಡದಲ್ಲಿ ಪ್ರವಾಹದ ಗುರುತು 96.60ಕ್ಕೆ ಇದೆ. ಕೊಳಚೆ ನೀರಿನ ದಾರಿಗೆ ಸಿಗುವ ಬಂಡವಾಳ ಈ ಎರಡೂವರೆ ಮೀಟರ್ ಮಾತ್ರ.

ಇಂಥ ಜಾಗಕ್ಕೆ ಬರುವ ಯಾವ ನಕ್ಷೆ ನೋಡಿದರೂ ಭವನ ರಸ್ತೆಗೆ ಮುಖಮಾಡಿ ನಿಂತಿರುತ್ತದೆ, ಶೌಚಾಲಯ ಹಿಂದಿನ ಮೂಲೆಗೆ ಸೇರಿರುತ್ತದೆ. ‘ಎದುರಿಗೆ ಬೇಡ, ಹಿಂದಕ್ಕಿರಲಿ’ ಎಂಬ ಮಾತು ಸಭೆಯಲ್ಲಿ ಎರಡೇ ನಿಮಿಷದಲ್ಲಿ ಪಾಸಾಗುತ್ತದೆ. ಇಲ್ಲಿ ಹಿಂದಿನ ಮೂಲೆ ಅಂದರೆ ಅತಿ ತಗ್ಗು. ಶೌಚಾಲಯ ಅಲ್ಲಿಗೆ ಹೋದರೆ ಅದರ ನೀರಿಗೆ ಇಳಿಯಲು ಮುಂದೆ ಜಾಗವೇ ಉಳಿಯುವುದಿಲ್ಲ, ಪಂಪು ಬಂದೇ ಬರುತ್ತದೆ. ಹಾಗಾಗಿ ಶೌಚಾಲಯವನ್ನು ರಸ್ತೆಯಿಂದ 27 ಮೀಟರ್ ಒಳಗೆ, ಎತ್ತರದ ಕಡೆಗೆ ತಂದಿದ್ದೇವೆ. ಬೀದಿದೀಪದ ಬೆಳಕು ಅಲ್ಲಿಯವರೆಗೆ ಬೀಳುವುದರಿಂದ ಹೆಂಗಸರು ಸಂಜೆಯ ಮೇಲೂ ಬಳಸಬಹುದು. ಸಭೆಯನ್ನು ಒಪ್ಪಿಸಿದ್ದು ಇಳಿಜಾರಿನ ಲೆಕ್ಕವಲ್ಲ, ಈ ಮಾತು.

ಮಟ್ಟಗಳು ಹೀಗೆ ಇಳಿಯುತ್ತವೆ. ಶೌಚಾಲಯದ ನೆಲ 99.60, ಪೈಪು ಹೊರಬೀಳುವ ಮಟ್ಟ 99.15. ಅಲ್ಲಿಂದ 110 ಮಿ.ಮೀ. ಪೈಪು 36 ಮೀಟರ್, ಒಂದಕ್ಕೆ ಎಂಬತ್ತರ ವಾಟ, 45 ಸೆಂ.ಮೀ. ಇಳಿದು 98.70. ಕೆಸರು ತಂಗುವ ತೊಟ್ಟಿಯಲ್ಲಿ 5 ಸೆಂ.ಮೀ. ಹೋಗುತ್ತದೆ. ಸಂತೆಯ ದಿನದ ಹೆಚ್ಚುವರಿ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ಸಮತೋಲನ ತೊಟ್ಟಿ 1.25 ಮೀಟರ್ ನುಂಗುತ್ತದೆ, ಅದರ ಹೊರದಾರಿ 10 ಸೆಂ.ಮೀ. ಅಡ್ಡಗೋಡೆಗಳ ನಡುವೆ ನೀರನ್ನು ಇಳಿಸಿ ಹತ್ತಿಸಿ ಕೆಸರಿನ ಮೂಲಕ ಹಾಯಿಸುವ ಬ್ಯಾಫಲ್ ತೊಟ್ಟಿಗೆ 10, ಗಿಡ ನೆಟ್ಟ ಜಲ್ಲಿ ಹಾಸಿಗೆಗೆ 10. ಕೊನೆಗೆ ನೀರು ಹೊರಬರುವುದು 97.10ಕ್ಕೆ. ಪ್ರವಾಹದ ಗುರುತಿಗಿಂತ ಅರ್ಧ ಮೀಟರ್ ಮೇಲಿದೆ, ಅಷ್ಟು ಸಾಕು.

ಒಂದು ತೊಡಕಿದೆ. ನೆಲದ ಇಳಿಜಾರು ಪೈಪಿನ ವಾಟಕ್ಕಿಂತ ಹೆಚ್ಚಿರುವುದರಿಂದ ಕೊನೆಯ 10 ಮೀಟರಿನಲ್ಲಿ ಪೈಪಿನ ನೆತ್ತಿ ನೆಲದ ಮಟ್ಟಕ್ಕೇ ಬರುತ್ತದೆ. ಅಲ್ಲಿ ಸುತ್ತಲೂ ಕಾಂಕ್ರೀಟು ಹಾಕಿ, ಮೇಲೆ ಮಣ್ಣಿನ ದಿಬ್ಬ ಮಾಡಿ, ಎರಡೂ ಬದಿಗೆ ಕಲ್ಲು ನೆಡಬೇಕು. ಇಲ್ಲದಿದ್ದರೆ ತರಕಾರಿ ಲಾರಿ ಮೊದಲ ಸಂತೆಯಲ್ಲೇ ಪೈಪು ಒಡೆಯುತ್ತದೆ.

ಸಂತೆಯ ದಿನದ ಲೆಕ್ಕ

ಮಾಮೂಲಿ ದಿನ 2,000 ಲೀಟರ್ ಕೊಳಚೆ, ಸಂತೆಯ ದಿನ 8,000. ವಾರದ ಮೊತ್ತ 20,000, ಸರಾಸರಿ ದಿನಕ್ಕೆ 2,860. ಘಟಕವನ್ನು 8,000ಕ್ಕೆ ಕಟ್ಟಿದರೆ ಆರು ದಿನ ಅರೆಹೊಟ್ಟೆ, ದುಡ್ಡೂ ದಂಡ. ಸರಾಸರಿಗೆ ಕಟ್ಟಿ ಹಾಗೇ ಬಿಟ್ಟರೆ ಸಂತೆಯ ದಿನದ ರಭಸ ಬ್ಯಾಫಲ್ ತೊಟ್ಟಿಯ ಕೆಸರನ್ನೇ ಎತ್ತಿ ಜಲ್ಲಿಗೆ ತುಂಬುತ್ತದೆ. ಹಾಗಾಗಿ ಘಟಕ ದಿನಕ್ಕೆ 3,000 ಲೀಟರಿನದು, ನಡುವೆ ಸಮತೋಲನ ತೊಟ್ಟಿ. ಸಂತೆಯ ರಾತ್ರಿ ಅದರಲ್ಲಿ 5,000 ಲೀಟರ್ ಉಳಿದು, ದಿನಕ್ಕೆ ಸಾವಿರದಂತೆ ಇಳಿದು ಐದನೇ ದಿನಕ್ಕೆ ಖಾಲಿ.

ಸಂತೆಯ ಮಾರನೇ ದಿನವೇ ಭವನದಲ್ಲಿ ಮದುವೆ ಬಿದ್ದರೆ? 300 ಜನಕ್ಕೆ ಅಡುಗೆ, ಕೈತೊಳೆತ, ಶೌಚ ಸೇರಿ ತಲೆಗೆ 25 ಲೀಟರಿನಂತೆ 7,500. ಉಳಿದ 5,000ಕ್ಕೆ ಇದು ಸೇರಿ, 3,000 ಹೊರಹೋಗಿ 9,500 ನಿಲ್ಲುತ್ತದೆ. ಆದ್ದರಿಂದ ತೊಟ್ಟಿ 10,000 ಲೀಟರಿನದು: 8 ಚದರ ಮೀಟರ್ ತಳ, 1.25 ಮೀಟರ್ ಏರಿಳಿತ. ಭವನ ಬಾಡಿಗೆಯ ನಿಯಮದಲ್ಲಿ ಸಂತೆಯ ಹಿಂದುಮುಂದಿನ ಎರಡು ದಿನ ಒಟ್ಟೊಟ್ಟಿಗೆ ಕೊಡಬಾರದೆಂದು ಬರೆದಿದ್ದೇವೆ. ನಿಯಮ ಮುರಿಯುತ್ತಾರೆಂದೇ ಲೆಕ್ಕಹಾಕಿ ಉಕ್ಕುದಾರಿಯನ್ನು ಬ್ಯಾಫಲ್ ತೊಟ್ಟಿಗೇ ಕೊಟ್ಟಿದ್ದೇವೆ, ಹಳ್ಳಕ್ಕಲ್ಲ.

ಈ ತೊಟ್ಟಿಯಿಂದ ನೀರು ಒಂದೇ ಸಮನೆ, ಗಂಟೆಗೆ 125 ಲೀಟರ್ ಹೊರಬರಬೇಕು. ತಳದಲ್ಲಿ ತೂತು ಕೊಟ್ಟರೆ ತೊಟ್ಟಿ ತುಂಬಿದಾಗ ಜೋರು, ಖಾಲಿಯಾಗುವಾಗ ಹನಿ. ಅದಕ್ಕೆ ತೇಲುವ ಬಾಯಿ: ಮುಚ್ಚಿದ ಪ್ಲಾಸ್ಟಿಕ್ ಕ್ಯಾನಿಗೆ ಕಟ್ಟಿದ ಬಾಗುವ ಪೈಪು, ನೀರಿನ ಮೇಲ್ಮೈಯಿಂದ 10 ಸೆಂ.ಮೀ. ಕೆಳಗೆ 7ರಿಂದ 7.5 ಮಿ.ಮೀ. ರಂಧ್ರ. ಕ್ಯಾನು ನೀರಿನ ಜೊತೆ ಏರಿಳಿಯುವುದರಿಂದ ಒತ್ತಡ ಬದಲಾಗುವುದಿಲ್ಲ. ಪರೀಕ್ಷೆ ಸುಲಭ, 10 ಲೀಟರಿನ ಬಕೆಟ್ 4 ನಿಮಿಷ 48 ಸೆಕೆಂಡಿನಲ್ಲಿ ತುಂಬಬೇಕು. ಬೇಗ ತುಂಬಿದರೆ ರಂಧ್ರ ದೊಡ್ಡದು, ತಡವಾದರೆ ಲೋಳೆ ಕಟ್ಟಿದೆ. ಇಷ್ಟು ಸಣ್ಣ ರಂಧ್ರ ಹಸಿ ಕೊಳಚೆಯಲ್ಲಿ ಒಂದು ದಿನವೂ ಬಾಳುವುದಿಲ್ಲ. ಅದಕ್ಕಾಗಿಯೇ ಸಮತೋಲನ ತೊಟ್ಟಿ ಕೆಸರು ತಂಗುವ ತೊಟ್ಟಿಗಿಂತ ಮೊದಲಲ್ಲ, ಅದರ ನಂತರ. ಅಷ್ಟಾದರೂ ವಾರಕ್ಕೊಮ್ಮೆ, ಸಂತೆಯ ಹಿಂದಿನ ದಿನ, ಬ್ರಷ್ ಹಾಕಲೇಬೇಕು.

ಕೆಸರು ತೊಟ್ಟಿ 6 ಘನ ಮೀಟರ್, ಎರಡು ಕೋಣೆ. ಬ್ಯಾಫಲ್ ತೊಟ್ಟಿ ನಾಲ್ಕು ಕೋಣೆ, ಒಂದೊಂದೂ 0.9 × 1.0 ಮೀಟರ್, ನೀರಿನ ಆಳ 1.5. ನೀರು ಒಳಗೆ 43 ಗಂಟೆ ಕಳೆಯುತ್ತದೆ. ಪ್ರತಿ ಕೋಣೆಗೂ ಎರಡು ಇಳಿಪೈಪು, ತುದಿ ತಳದಿಂದ 15 ಸೆಂ.ಮೀ. ಮೇಲೆ. ಪೈಪಿನ ತಲೆಗೆ ಮೊಣಕೈ (ಎಲ್ಬೋ) ಬೇಡ, ‘T’ ಆಕಾರದ ಟೀ ಜೋಡಣೆ ಹಾಕಿ ಮುಚ್ಚಳ ಕೊಡಿ. ಕಟ್ಟಿಕೊಂಡಾಗ ಕೋಲು ಹಾಕಲು ದಾರಿ ಬೇಕಲ್ಲ. ನಡುಗೋಡೆಗಳಿಗೆ ಎರಡೂ ಕಡೆ ಗಾರೆ ಬೇಕು. ಒಂದು ಗೋಡೆ ಸೋರಿದರೂ ನೀರು ಅಡ್ಡದಾರಿ ಹಿಡಿಯುತ್ತದೆ, ಅದು ಹೊರಗಿಂದ ಕಾಣುವುದೂ ಇಲ್ಲ.

ಜಲ್ಲಿ ಹಾಸಿಗೆ 11 × 3 ಮೀಟರ್, ಆಳ 60 ಸೆಂ.ಮೀ. ಸುಮಾರು 700 ಘನ ಅಡಿ ಜಲ್ಲಿ. ನಡುವೆ 12–20 ಮಿ.ಮೀ., ಎರಡೂ ತುದಿಗೆ ಅರ್ಧರ್ಧ ಮೀಟರ್ 40 ಮಿ.ಮೀ. ಕ್ರಷರಿನಿಂದ ಬಂದ ಜಲ್ಲಿಯನ್ನು ತೊಳೆಯದೆ ಸುರಿದರೆ ಪುಡಿ ತಳಕ್ಕಿಳಿದು, ಹಾಸಿಗೆ ವರ್ಷದೊಳಗೆ ಕೆರೆಯಾಗುತ್ತದೆ. ಗುತ್ತಿಗೆ ಪತ್ರದಲ್ಲಿ ‘ತೊಳೆದ ಜಲ್ಲಿ’ ಎಂದು ಬರೆದರೆ ಸಾಲದು, ತೊಳೆಯುವ ಕೂಲಿಯನ್ನೇ ಬೇರೆ ಬಾಬತ್ತಾಗಿ ತೋರಿಸಬೇಕು. ನೀರು ಜಲ್ಲಿಯ ಮೇಲ್ಮೈಯಿಂದ 5–10 ಸೆಂ.ಮೀ. ಕೆಳಗೇ ಇರಬೇಕು, ಮೇಲೆ ಬಂದರೆ ಸೊಳ್ಳೆ. ಹೊರದಾರಿಗೆ ತಿರುಗಿಸಬಹುದಾದ ಬಾಗು ಪೈಪು (ಬೆಂಡ್) ಹಾಕಿದರೆ ಮಟ್ಟ ಹೊಂದಿಸಬಹುದು. ಗಿಡ ಕ್ಯಾನಾ ಮತ್ತು ಜಂಬುಹುಲ್ಲು.

ಭವನದ ಅಡುಗೆಮನೆಗೆ 500 ಲೀಟರಿನ ಜಿಡ್ಡು ತೊಟ್ಟಿ. ನಿಜವಾದ ಶತ್ರು ಎಣ್ಣೆಯಲ್ಲ, ಗಂಜಿ. ಮದುವೆ ಅಡುಗೆಯವರು ಬಸಿದ ಗಂಜಿಯನ್ನು ಮೋರಿಗೆ ಸುರಿದರೆ ಘಟಕ ದಿನಗಟ್ಟಲೆ ಹುಳಿ ನಾತ ಹೊಡೆಯುತ್ತದೆ. ಅಡುಗೆಮನೆಯ ಹೊರಗೆ ಡ್ರಮ್ಮಿಡಿ, ದನ ಸಾಕಿದವರು ತಾವೇ ಬಂದು ಒಯ್ಯುತ್ತಾರೆ.

ಕೆಸರು ತೆಗೆಯುವುದು ಒಂದೆರಡು ವರ್ಷಕ್ಕೊಮ್ಮೆ. ಸಕ್ಕಿಂಗ್ ಗಾಡಿಗೆ 3.5 ಮೀಟರ್ ದಾರಿ ಬಿಟ್ಟಿದ್ದೇವೆ. ತೆಗೆದದ್ದು ಎಲ್ಲಿಗೆ ಹೋಗಬೇಕೆಂಬುದಕ್ಕೆ ದೇವನಹಳ್ಳಿಯ ಮಾದರಿ ಇದೆ. 2015ರಲ್ಲಿ ಅಲ್ಲಿ ಶುರುವಾದ, ದಿನಕ್ಕೆ 6,000 ಲೀಟರ್ ಸಾಮರ್ಥ್ಯದ ಮಲಕೆಸರು ಘಟಕ ಕೆಸರನ್ನು ಹಾಸಿಗೆಗಳ ಮೇಲೆ ಒಣಗಿಸಿ, ಊರಿನ ಹಸಿಕಸದ ಜೊತೆ ಗೊಬ್ಬರ ಮಾಡುವ ದಾರಿ ತೋರಿಸಿತು. ಇಲ್ಲಿ ಅಷ್ಟು ದೊಡ್ಡದು ಬೇಡ, ಆದರೆ ತಾಲ್ಲೂಕಿನಲ್ಲಿ ಎಲ್ಲಾದರೂ ಒಂದು ಬೇಕೇ ಬೇಕು.

ಮಳೆನೀರು

ಭವನದ ಚಾವಣಿ 12 × 24 ಮೀಟರ್, 288 ಚದರ ಮೀಟರ್. ವರ್ಷಕ್ಕೆ 600 ಮಿ.ಮೀ. ಮಳೆ, ಅದರಲ್ಲಿ ಶೇ. 80 ಸಿಕ್ಕರೆ 1,38,000 ಲೀಟರ್. ಇಡೀ ಜಾಗದ ವರ್ಷದ ಖರ್ಚು ಹತ್ತು ಲಕ್ಷ ಲೀಟರಿಗೂ ಮಿಕ್ಕಿದ್ದು, ಮಳೆನೀರು ಅದರ ಎಂಟನೇ ಒಂದು ಪಾಲು. ‘ಮಳೆನೀರಿನಲ್ಲೇ ಎಲ್ಲ’ ಎಂಬ ಫಲಕ ಬೇಡ. ಈ ನೀರು ಕುಡಿಯಲು ಮತ್ತು ಅಡುಗೆಗೆ ಮೀಸಲು, ಶೌಚಕ್ಕೆ ಕೊಳವೆಬಾವಿ, ಗಿಡಗಳಿಗೆ ಶುದ್ಧೀಕರಿಸಿದ ನೀರು. ಸಂಪು 40,000 ಲೀಟರ್, ಕೊಳಚೆ ದಾರಿಗಿಂತ ಮೇಲುಗಡೆ.

ಚಾವಣಿಯ ಧೂಳು ತೊಳೆದು ತರುವ ಮೊದಲ 2 ಮಿ.ಮೀ. ಮಳೆ ಹೊರಬಿಡಬೇಕು. ಎರಡು ಇಳಿಜಾರಿನ ಚಾವಣಿ, ಒಂದೊಂದು ಬದಿಗೆ 288 ಲೀಟರ್. ಎಲ್ಲೆಡೆ ಕಾಣುವ ಒಂದು ಮೀಟರ್ ಉದ್ದದ ಆರಿಂಚು ಪೈಪು ಹಿಡಿಯುವುದು 18 ಲೀಟರ್, ಈ ಚಾವಣಿಗೆ ಅದು ಅಲಂಕಾರ ಮಾತ್ರ. ಬದಿಗೊಂದು 300 ಲೀಟರಿನ ಡ್ರಮ್ಮು, ತಳದಲ್ಲಿ ಸಣ್ಣ ತೊಟ್ಟಿಕ್ಕುವ ರಂಧ್ರ.

ಗೋಡೆ

ತೊಟ್ಟಿಗಳಿಗೆ ಅಗೆದ ಕೆಮ್ಮಣ್ಣೇ ಇಟ್ಟಿಗೆಯಾಗಲಿದೆ. ಮಣ್ಣನ್ನು ಒತ್ತಿ ಇಟ್ಟಿಗೆ ಮಾಡುವ ಯಂತ್ರ ‘ಮರ್ದಿನಿ’, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಗ್ರಾಮೀಣ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರದ ಕೊಡುಗೆ. ಇಟ್ಟಿಗೆ 230 × 190 × 100 ಮಿ.ಮೀ., ಸಿಮೆಂಟು ಶೇ. 7, ಮೂಟೆಗೆ ಸುಮಾರು 90 ಇಟ್ಟಿಗೆ. ಮಣ್ಣಿನಲ್ಲಿ ಮರಳಿನಂಶ ಕಡಿಮೆ ಇದ್ದದ್ದರಿಂದ ಕ್ರಷರ್ ಪುಡಿ ಬೆರೆಸಿ ಶೇ. 65ಕ್ಕೆ ತರಬೇಕು. ಕಲಸಿದ್ದನ್ನು ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಬೇಕು. ಮಧ್ಯಾಹ್ನದ ಊಟಕ್ಕೆ ಮುಂಚೆ ಕಲಸಿ ಬಿಟ್ಟ ರಾಶಿ ನೋಡಲು ಚೆನ್ನಾಗಿದ್ದರೂ ಅದರ ಇಟ್ಟಿಗೆ ಮೊದಲ ಮಳೆಗೆ ಅಂಚು ಉದುರಿಸುತ್ತದೆ. ಗೋಣಿತಾಟಿನಡಿ 28 ದಿನ ನೀರು ಹನಿಸಬೇಕು.

ಮುಂದಿನದು

ತೊಟ್ಟಿಗಳಿಗೆ ನೀರು ತುಂಬಿ, ಒಂದು ದಿನ ಗೋಡೆ ಕುಡಿಯಲು ಬಿಟ್ಟು, ಮಾರನೇ ದಿನದ ಇಳಿತ ಅಳೆಯುವುದು. ಇಳಿತ ನಿಂತಮೇಲಷ್ಟೇ ಮಣ್ಣು ಮುಚ್ಚಬೇಕು. ಬ್ಯಾಫಲ್ ಕೋಣೆಗಳಿಗೆ ಹೆಪ್ಪಿನಂತೆ ಹಾಕಲು ಹಳೆ ಸೆಪ್ಟಿಕ್ ತೊಟ್ಟಿಯ ಕೆಸರು, ಅದು ಸಿಗದಿದ್ದರೆ ಸಗಣಿ ಬಗ್ಗಡ. ಹದಕ್ಕೆ ಬರಲು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಹೊರನೀರು ಮಂಕಾಗಿಯೇ ಇರುತ್ತದೆ. ಹಾಗಾಗಿ ಶೌಚಾಲಯ ಭವನಕ್ಕಿಂತ ಮೊದಲು ತೆರೆಯುತ್ತದೆ. ಮೊದಲ ಮದುವೆಯ ಬುಕಿಂಗ್ ಮೂರು ತಿಂಗಳು ಕಳೆದ ಮೇಲೆ.